ತೆರೆಯದೆ ದಾಟಿಸಿದ ಡಬ್ಬಿ

ಡಿಸೆಂಬರ್ ಬಂತೆಂದರೆ ನಾನು ಹಾಸಿಗೆ ಮಗುಚುತ್ತೇನೆ. ತಿಗಣೆ ಹುಡುಕಲಿಕ್ಕಲ್ಲ, ಕಾಗದ ಹುಡುಕಲಿಕ್ಕೆ. ಮುಂಬಯಿಯ ಭಾಂಡುಪಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಗಿಫ್ಟ್ ಕಟ್ಟುವ ಬಣ್ಣದ ಕಾಗದಗಳು ವರ್ಷವಿಡೀ ಹಾಸಿಗೆಯ ಅಡಿಯಲ್ಲಿ ಮಲಗಿರುತ್ತವೆ. ಯಾರು ಏನೇ ಕೊಟ್ಟರೂ ನಾನು ಅಂಟುಪಟ್ಟಿಯನ್ನು ಬ್ಲೇಡಿನ ತುದಿಯಿಂದ ಎಬ್ಬಿಸಿ, ಕಾಗದದ ಮಡಿಕೆ ಬಿಡಿಸಿ, ಒಳಬದಿಗೆ ಹಗುರವಾಗಿ ಇಸ್ತ್ರಿ ಹಾಕಿ ಅಲ್ಲಿ ಮಲಗಿಸುತ್ತೇನೆ. ಟ್ರೇ ಕಟ್ಟುವಷ್ಟು ಅಗಲವಾಗಿ ನಮ್ಮ ಮನೆಗೆ ಬಂದ ಕಾಗದ ವರ್ಷವರ್ಷವೂ ಅಂಚು ಕತ್ತರಿಸಿಕೊಳ್ಳುತ್ತಾ ಟಿಫಿನ್ ಡಬ್ಬಿಯ ಅಳತೆಗೆ ಇಳಿಯುತ್ತದೆ, ಕೊನೆಗೆ ಒಂದು ಸಾಬೂನು ಸುತ್ತಿಕೊಂಡು ನಿವೃತ್ತವಾಗುತ್ತದೆ. ನನ್ನ ಯಜಮಾನರು ಈ ವಿಷಯದಲ್ಲಿ ನೊಂದ ಜೀವ. "ಮಗ್ಗುಲು ಬದಲಿಸಿದ್ರೆ ಸಾಕು, ಬರಬರ ಸದ್ದು. ಹಾಸಿಗೆಯಾ ಇದು, ಸ್ಟೇಶನರಿ ಅಂಗಡಿಯಾ ಮಾರಾಯ್ತಿ?" ಎನ್ನುತ್ತಾರೆ.

ಈ ಸಲವೂ ಹಾಸಿಗೆ ಮಗುಚಿದೆ. ಕೆಂಪು ಗಂಟೆಗಳ ಚಿತ್ರವಿದ್ದ ಒಂದು ಕಾಗದವನ್ನು ತೊಡೆಯ ಮೇಲೆ ಹಾಸಿಕೊಂಡು ಬಹಳ ಹೊತ್ತು ಕುಳಿತೆ. ನನಗಿರುವುದು ಒಬ್ಬನೇ ತಮ್ಮ, ಜಯಕರ. ಕಾಂದಿವಲಿಯಲ್ಲಿದ್ದಾನೆ. ಈ ಮನೆಯಲ್ಲಿ ಮೊದಲ ಕಟ್ಟು ಕಟ್ಟುತ್ತಿದ್ದದ್ದೇ ಅವನಿಗೆ. ಈಗ ಅವನು ನಮ್ಮ ಮನೆಗೆ ಬರುವುದಿಲ್ಲ. ಜಗಳವಾಡಿ ತಮ್ಮನನ್ನು ಕಳೆದುಕೊಂಡವರು ಊರಿಗೆ ಹತ್ತು ಜನ ಸಿಗುತ್ತಾರೆ. ನಾನು ಕಳೆದುಕೊಂಡದ್ದು ಮಿತವ್ಯಯದಿಂದ. ಅವನು ಇನ್ನೊಮ್ಮೆ ನನ್ನ ಬಾಗಿಲು ತಟ್ಟಿಯಾನೇ ಎಂಬುದೊಂದನ್ನು ಬಿಟ್ಟರೆ ಈಗ ನನ್ನ ಕ್ರಿಸ್ಮಸ್ಸಿನಲ್ಲಿ ಕಾಯುವಂಥದ್ದು ಏನೂ ಇಲ್ಲ. ಹೇಗಾಯಿತೆಂದು ಹೇಳುತ್ತೇನೆ, ನಡುವೆ ಅಲ್ಲಿ ಇಲ್ಲಿ ಹೋದರೆ ಸಹಿಸಿಕೊಳ್ಳಿ. ಮೂವತ್ತು ವರ್ಷ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿದ ಬಾಯಿ ಇದು.

ನಾವು ಉಡುಪಿ ಕಡೆಯ ಪ್ರೊಟೆಸ್ಟಂಟರು. ಮನೆಮಾತು ತುಳು ಬೆರೆತ ಕನ್ನಡ, ಚರ್ಚಿನಲ್ಲಿ ಹಾಡುವುದೂ ಕನ್ನಡವೇ. ಕ್ರಿಶ್ಚಿಯನ್ನರೆಂದರೆ ಕೊಂಕಣಿಯವರು ಎಂದುಕೊಂಡಿರುವ ಮುಂಬಯಿಯ ಕನ್ನಡಿಗರಿಗೆ ಇದನ್ನು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. "ಹಾಗಾದ್ರೆ ನೀವು ಅರ್ಧ ಕ್ರಿಶ್ಚಿಯನ್ನರಾ ಟೀಚರ್?" ಎಂದು ಒಬ್ಬ ಹೊಟೇಲಿನ ಭಟ್ಟರು ಕೇಳಿದ್ದರು. ಹೌದು ಎಂದುಬಿಟ್ಟೆ. ಇಡ್ಲಿಯ ತಟ್ಟೆ ಎದುರಿಗಿರುವಾಗ ವಾದ ಬೆಳೆಸಬಾರದು.

ಅಪ್ಪ ಪರೇಲಿನ ಒಂದು ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನಾವಿದ್ದದ್ದು ಅಲ್ಲೇ ಹಿಂದಿನ ಚಾಳಿನಲ್ಲಿ, ಮೂರನೆಯ ಮಾಳಿಗೆ, ಒಂದೇ ಕೋಣೆ. ಮಿಲ್ಲು ನಡೆಯುತ್ತಿದ್ದಾಗ ಕ್ರಿಸ್ಮಸ್ಸಿಗೆ ಇಬ್ಬರಿಗೂ ಹೊಸ ಬಟ್ಟೆ, ಅಮ್ಮನಿಗೊಂದು ವಾಯಿಲ್ ಸೀರೆ. ಕೇಕಿನ ಹಿಟ್ಟನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ ಮೂಲೆಯ ಬೇಕರಿಗೆ ಹೊತ್ತುಕೊಂಡು ಹೋಗಿ, ಅವರ ಒಲೆಯಲ್ಲಿ ಬೇಯಿಸಿಕೊಂಡು ಬರುತ್ತಿದ್ದೆವು. ನಮ್ಮ ಡಬ್ಬಿ ಬೇರೆಯವರದಕ್ಕೆ ಅದಲುಬದಲಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ, ಹಿಟ್ಟು ಅಂಟಿದ ಚಮಚ ನೆಕ್ಕುವುದು ಜಯಕರನದು. ಮಿಲ್ಲು ನಿಂತ ವರ್ಷ ಕೇಕೂ ನಿಂತಿತು. ಬಟ್ಟೆಯ ಮಾತೇ ಇಲ್ಲ. ಅಪ್ಪ ಹಗಲೆಲ್ಲ ಕೋಣೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಕುಳಿತು, ಹೊಗೆ ಬಾರದ ಚಿಮಣಿಯನ್ನು ನೋಡುತ್ತಿದ್ದರು.

ಆ ಡಿಸೆಂಬರಿನಲ್ಲಿ ಅಮ್ಮ ಒಂದು ಕಾನೂನು ಮಾಡಿದಳು. ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಗಿಫ್ಟು ಕೊಡಲೇಬೇಕು, ಆದರೆ ಅಂಗಡಿಯಿಂದ ಏನೂ ತರಕೂಡದು. ಮನೆಯಲ್ಲಿ ಇದ್ದದ್ದನ್ನೇ ಕಟ್ಟಿ ಕೊಡಬೇಕು. ಮನೆಯಲ್ಲಿ ಇದ್ದದ್ದಾದರೂ ಏನು? ಅಪ್ಪ ತಮ್ಮ ಬೆಲ್ಟನ್ನು ಜಯಕರನಿಗೆ ಕೊಟ್ಟರು, ಅದು ಅವನ ಸೊಂಟಕ್ಕೆ ಎರಡು ಸುತ್ತು ಬರುತ್ತಿತ್ತು. ಜಯಕರ ನನಗೆ ನನ್ನದೇ ಬಾಚಣಿಗೆಯನ್ನು ತೊಳೆದು ಕೊಟ್ಟ. ನಾನು ಅಮ್ಮನಿಗೆ ಅಮ್ಮನದೇ ಸೌಟು ಕೊಟ್ಟೆ. ಅಮ್ಮ ಅದನ್ನು ಈವರೆಗೆ ಕಂಡೇ ಇಲ್ಲವೆಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು.

ಕಾನೂನಿನ ಇನ್ನೊಂದು ಭಾಗವೇ ಮುಖ್ಯವಾದದ್ದು. ಪ್ರತಿ ಕಟ್ಟಿನೊಳಗೂ ಒಂದು ಚೀಟಿ ಇರಬೇಕು. ಮುಖ ನೋಡಿ ಹೇಳಲಾಗದ್ದನ್ನು ಅದರಲ್ಲಿ ಬರೆಯಬೇಕು. ಓದಿದವರು ಅದರ ಬಗ್ಗೆ ತುಟಿ ಬಿಚ್ಚಬಾರದು. ಮಾಡಲಾಗುವಂಥದ್ದಾದರೆ ಸುಮ್ಮನೆ ಮಾಡಿಬಿಡಬೇಕು. ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದರೆ ಗುಟ್ಟು ಹೇಳಲಿಕ್ಕೆ ಜಾಗವೆಲ್ಲಿ? ಅಮ್ಮ ಚೀಟಿಯಲ್ಲಿ ಜಾಗ ಮಾಡಿಕೊಟ್ಟಳು.

ನಾನು ಅಪ್ಪನಿಗೆ ಬರೆದದ್ದು ಈಗಲೂ ನೆನಪಿದೆ, ನೆನೆದರೆ ನಾಚಿಕೆಯಾಗುತ್ತದೆ. 'ಶಾಲೆಗೆ ಬರುವಾಗ ಲುಂಗಿಯಲ್ಲಿ ಬರಬೇಡಿ.' ಮುಂದಿನ ಪಾಲಕರ ಸಭೆಗೆ ಅಪ್ಪ ಯಾರದೋ ಪ್ಯಾಂಟು ತೊಟ್ಟು ಬಂದರು. ಗಿಡ್ಡ ಪ್ಯಾಂಟು, ಕಾಲ್ಚೀಲದ ತೂತು ಕಾಣುತ್ತಿತ್ತು. ಲುಂಗಿಯೇ ವಾಸಿಯಿತ್ತು. ಆದರೆ ಅಪ್ಪ ಒಂದು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಜಯಕರ ನನಗೆ ಬರೆದದ್ದು, 'ಕತ್ತಲಾದ ಮೇಲೆ ಗ್ಯಾಲರಿಯ ಕೊನೆಯ ಪಾಯಖಾನೆಗೆ ಹೋಗಲು ನನಗೆ ಭಯ. ಅಮ್ಮನಿಗೆ ಹೇಳಬೇಡ.' ಆಮೇಲೆ ಎರಡು ವರ್ಷ ಅವನು ಎದ್ದಾಗಲೆಲ್ಲ ನನಗೂ ಅವಸರವಾಗುತ್ತಿತ್ತು. ಯಾಕೆಂದು ಅವನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಪ್ರೀತಿ ಇದ್ದದ್ದು ಹೀಗೆ, ಬಾಯಿಲ್ಲದೆ. ಅದು ದೊಡ್ಡ ಗುಣವೆಂದು ಬಹುಕಾಲ ನಂಬಿದ್ದೆ.

ಅಪ್ಪ ಅಮ್ಮ ಹೋದ ಮೇಲೆ ಚೀಟಿಗಳು ನಿಂತವು. ಗಿಫ್ಟು ನಿಲ್ಲಲಿಲ್ಲ. ನನಗೆ ಸಂಬಳ ಬರುತ್ತಿತ್ತು, ಜಯಕರನಿಗೆ ಕಾಂದಿವಲಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ನಾವು ಅಂಗಡಿಯಿಂದ ತಂದು ಕೊಡುವ ಮಟ್ಟಕ್ಕೆ ಏರಿದ್ದೆವು. ಆದರೆ ಅಮ್ಮ ಕಲಿಸಿದ ಹಿಡಿತ ಕೈಬಿಡಬೇಕಲ್ಲ! ನನ್ನ ಹಿಡಿತ ಎಂಥದ್ದೆಂದರೆ, ಬಂದ ಗಿಫ್ಟಿನ ಕಾಗದವನ್ನು ಮಾತ್ರ ಬಿಡಿಸುತ್ತಿದ್ದೆ, ಒಳಗಿನ ಡಬ್ಬಿಯನ್ನು ತೆರೆಯುತ್ತಿರಲಿಲ್ಲ. ಮೇಲಿನ ಚಿತ್ರ ನೋಡಿದರೆ ಒಳಗೇನೆಂದು ಗೊತ್ತಾಗುತ್ತದಲ್ಲ. ಜಗ್ಗು ಲೋಟಗಳ ಲೆಮನ್ ಸೆಟ್ಟು, ಗೋಡೆ ಗಡಿಯಾರ, ಮತ್ತೊಂದು ಲೆಮನ್ ಸೆಟ್ಟು. ಕಪಾಟಿನ ಕೆಳಗಿನ ಅರೆಯಲ್ಲಿ ಸೀಲು ಒಡೆಯದ ಡಬ್ಬಿಗಳ ಸಾಲು, ತಳದಲ್ಲಿ ಪೆನ್ಸಿಲಿನಿಂದ ಕೊಟ್ಟವರ ಹೆಸರು. ಕೊಟ್ಟವರಿಗೇ ಮರಳಿ ಹೋಗಬಾರದಲ್ಲ! ಮದುವೆ, ಮುಂಜಿ, ವಾಸ್ತುಶಾಂತಿ ಏನೇ ಬರಲಿ, ನಾನು ಅಂಗಡಿಗೆ ಓಡುವವಳಲ್ಲ, ಕಪಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುವವಳು. ನಗಬೇಡಿ. ನಿಮ್ಮ ಕಪಾಟಿನಲ್ಲೂ ಒಂದೆರಡು ಇರಬಹುದು.

ಮೂರು ವರ್ಷದ ಹಿಂದಿನ ಕ್ರಿಸ್ಮಸ್ಸಿಗೆ ಜಯಕರ, ಅವನ ಹೆಂಡತಿ ವಿಮಲ, ಮಗಳು ಶರೋನ್ ಎಂದಿನಂತೆ ಊಟಕ್ಕೆ ಬಂದರು. ವಿಮಲ ತುಂಬಾ ಇಳಿದುಹೋಗಿದ್ದಳು, ಸೆಕೆಯಲ್ಲೂ ಶಾಲು ಹೊದ್ದಿದ್ದಳು.

"ಎಂತ ವಿಮಲ, ಇಷ್ಟು ಸಪೂರ ಆಗಿದ್ದಿ?" ಎಂದೆ.

"ಡಯಟಿಂಗ್ ಅಕ್ಕ," ಎಂದು ನಕ್ಕಳು.

"ನನಗೂ ಸ್ವಲ್ಪ ಹೇಳಿಕೊಡು ಮಾರಾಯ್ತಿ," ಎಂದು ನಾನೂ ನಕ್ಕೆ. ಶರೋನ್ ಮೊಬೈಲಿನಲ್ಲಿ ಮುಳುಗಿದ್ದಳು. ಹೊರಡುವಾಗ ಜಯಕರ ಒಂದು ಭಾರದ ಕಟ್ಟನ್ನು ನನ್ನ ಕೈಗಿತ್ತ. ಇತ್ತವನು ಒಂದು ಗಳಿಗೆ ಕೈ ಬಿಡದೆ ಹಾಗೇ ನಿಂತ. "ನೋಡು ಅಕ್ಕ," ಎಂದ. ಹೂಂ ಎಂದೆ. ಅವರು ಹೋದ ಮೇಲೆ ಕಾಗದ ಬಿಡಿಸಿದೆ. ಆರು ಗಾಜಿನ ಲೋಟಗಳ ಚಿತ್ರವಿದ್ದ ಡಬ್ಬಿ, ಅಂಚಿಗೆಲ್ಲ ಅಂಟುಪಟ್ಟಿ. ತಳದಲ್ಲಿ 'ಜಯ' ಎಂದು ಪೆನ್ಸಿಲಿನಿಂದ ಬರೆದು ಕಪಾಟಿಗೆ ಸೇರಿಸಿದೆ. ಕೆಂಪು ಗಂಟೆಗಳ ಕಾಗದ ಆ ಡಬ್ಬಿಯದೇ.

ಜನವರಿಯ ಮೊದಲ ವಾರ ಅವನ ಫೋನು ಬಂತು. ಅದು ಇದು ಮಾತಾಡಿ, ಕೊನೆಗೆ ಕೇಳಿದ. "ಅಕ್ಕ, ಡಬ್ಬಿ ನೋಡಿದ್ಯಾ?"

"ನೋಡಿದೆ ಮಾರಾಯ. ಚೆನ್ನಾಗುಂಟು. ಉಪಯೋಗಕ್ಕೆ ಬರ್ತದೆ."

ಈ ವಾಕ್ಯ ನನ್ನ ಬಾಯಿಗೆ ಬಂದಷ್ಟು ಸರಾಗವಾಗಿ ಮಗ್ಗಿಯೂ ಬರುವುದಿಲ್ಲ. ಎಷ್ಟು ಜನಕ್ಕೆ ಹೇಳಿರುವೆನೋ!  ಅವನು "ಹೂಂ, ಫೋನ್ ಇಡ್ತೇನೆ" ಎಂದ. ಆಗ ಡಬ್ಬಿ ನನ್ನ ಮನೆಯಲ್ಲೇ ಇತ್ತು. ನಾನು ಫೋನು ಹಿಡಿದು ಕುಳಿತಲ್ಲಿಂದ ಕಪಾಟಿಗೆ ನಾಲ್ಕು ಹೆಜ್ಜೆ.

ಫೆಬ್ರವರಿಯಲ್ಲಿ ಹಿಂದಿನ ಬಿಲ್ಡಿಂಗಿಗೆ ಹೊಸದಾಗಿ ಬಂದ ಮರಾಠಿ ಹೆಂಗಸು ಕದಮ್ ಬಾಯಿಯ ಮನೆಯ ವಾಸ್ತುಶಾಂತಿ. ಕಪಾಟಿನ ಮುಂದೆ ಕುಳಿತೆ, ಜಯಕರನ ಡಬ್ಬಿ ಎತ್ತಿದೆ, ತಳದ ಪೆನ್ಸಿಲು ಉಜ್ಜಿದೆ, ಹಾಸಿಗೆಯಡಿಯ ಇನ್ನೊಂದು ಕಾಗದ ಸುತ್ತಿ ಕೊಟ್ಟು ಊಟ ಮಾಡಿ ಬಂದೆ.

ಈಸ್ಟರ್ ಕಳೆದ ವಾರ ವಿಮಲ ತೀರಿಕೊಂಡಳು. ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಶರೋನ್ ಅಳುತ್ತಾ ಮಾಡಿದ ಫೋನಿನಿಂದ. ಕ್ಯಾನ್ಸರು. ತಿಂಗಳುಗಟ್ಟಲೆ ಪರೇಲಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದರಂತೆ. ಆ ಆಸ್ಪತ್ರೆಯಿಂದ ನಮ್ಮ ಹಳೆಯ ಚಾಳು ಇದ್ದ ಜಾಗಕ್ಕೆ ಐದು ನಿಮಿಷದ ದಾರಿ. ಕಾಂದಿವಲಿಯ ಮನೆಯಲ್ಲಿ ಜನ ತುಂಬಿದ್ದರು. ನಾನು ಒಳಗೆ ಕಾಲಿಟ್ಟವಳೇ ಜಯಕರನ ತೋಳು ಹಿಡಿದು ಕೂಗಿಕೊಂಡೆ. "ನನಗೆ ಒಂದು ಮಾತು ಹೇಳ್ಬಾರದಿತ್ತಾ ನೀನು? ಒಂದು ಮಾತು!" ಅವನು ನನ್ನನ್ನು ನೋಡಿದ. ಬಹಳ ದೂರದ ಪರಿಚಯದವರನ್ನು ನೋಡುವಂತೆ ನೋಡಿ, ತೋಳು ಬಿಡಿಸಿಕೊಂಡು ಒಳಗೆ ಹೋದ. ದುಃಖ ಎಂದುಕೊಂಡೆ. ಆ ವರ್ಷದ ಕ್ರಿಸ್ಮಸ್ಸಿಗೆ ಕರೆದಾಗ "ಬೇಡ" ಎಂದಷ್ಟೇ ಹೇಳಿದ. ಅದನ್ನೂ ದುಃಖ ಎಂದುಕೊಂಡೆ. ಭಾನುವಾರದ ಫೋನುಗಳು ನಿಂತವು. ನಾನು ಮಾಡಿದರೆ ಶರೋನ್ ಎತ್ತಿ, "ಪಪ್ಪಾ ಬಿಜೀ ಹೈ ಅತ್ತೆ" ಎನ್ನುತ್ತಿದ್ದಳು.

ಮರುವರ್ಷದ ಗಣಪತಿ ಹಬ್ಬಕ್ಕೆ ಕದಮ್ ಬಾಯಿ ದರ್ಶನಕ್ಕೆ ಕರೆದರು. ಮೋದಕ ಕೊಟ್ಟು, ಗಣಪತಿಯ ಪಕ್ಕದಲ್ಲಿದ್ದ ದೇವರ ಗೂಡನ್ನು ಹೆಮ್ಮೆಯಿಂದ ತೋರಿಸಿದರು. ಅಲ್ಲಿ ದೇವರ ಪಟಗಳ ನಡುವೆ ಒಂದು ಮಡಿಸಿದ ಕಾಗದ, ಮೇಲೆ ಅರಿಸಿನ ಕುಂಕುಮ.

"ಟೀಚರ್, ತುಮ್ಚ್ಯಾ ಭಾಷೇತ್ಲಾ ಆಶೀರ್ವಾದ್ ಆಹೆ ನಾ? ದೇವಾಜವಳ್ ಠೇವ್ಲಾ," ಎಂದರು. ನಮ್ಮ ಭಾಷೆಯ ಆಶೀರ್ವಾದವೆಂದು ಅದನ್ನು ದೇವರ ಬಳಿ ಇಟ್ಟಿದ್ದರಂತೆ. ನಾನು ಕೊಟ್ಟ ಡಬ್ಬಿಯೊಳಗೆ ಹಿತ್ತಾಳೆಯ ಹಳೆಯ ಚಕ್ಕುಲಿ ಒರಳಿನ ಜೊತೆ ಅದು ಇತ್ತಂತೆ. ಇಂಥ ಭಾರದ ಒರಳು ಈಗ ಎಲ್ಲಿ ಸಿಗುತ್ತದೆ, ಮೇಲೆ ಕೈಯಾರೆ ಬರೆದ ಆಶೀರ್ವಾದ ಬೇರೆ, ನಿಮ್ಮದು ದೊಡ್ಡ ಮನಸ್ಸು ಎಂದು ನನ್ನ ಕೈ ಹಿಡಿದುಕೊಂಡರು. ಒರಳು ಅಮ್ಮನದು. ಅಮ್ಮನ ನಂತರ ಅದು ವಿಮಲಳ ಪಾಲಿಗೆ ಬಂದಿತ್ತು. ಕೇಳಿ ಆ ಕಾಗದವನ್ನು ಬಿಡಿಸಿದೆ.

'ಅಕ್ಕ, ವಿಮಲನಿಗೆ ಇನ್ನು ಇದನ್ನು ಒತ್ತಲಿಕ್ಕೆ ಆಗುವುದಿಲ್ಲ. ಡಾಕ್ಟರು ಮೂರು ನಾಲ್ಕು ತಿಂಗಳು ಅಂದಿದ್ದಾರೆ. ಯಾರಿಗೂ ಹೇಳಬೇಡಿ ಅಂತ ಅವಳ ಹಟ, ನಿನಗೊಬ್ಬಳಿಗೆ ಹೇಳಬಹುದು ಅಂದಿದ್ದಾಳೆ. ಬಂದು ಸ್ವಲ್ಪ ದಿನ ನಮ್ಮಲ್ಲಿ ಇರ್ತಿಯಾ? ನನಗೆ ಭಯ ಆಗ್ತದೆ.'

ಕದಮ್ ಬಾಯಿ ನನ್ನ ಮುಖ ನೋಡಿ ನೀರು ತರಲು ಓಡಿದರು. ನಾನು ಆ ದೇವರ ಗೂಡಿನ ಮುಂದೆ ನೆಲದ ಮೇಲೆ ಕುಳಿತುಬಿಟ್ಟೆ. ಕನ್ನಡ ಓದಲು ಬಾರದವರ ಮನೆಯಲ್ಲಿ ನನ್ನ ತಮ್ಮನ ಅಳಲಿಗೆ ಒಂದೂವರೆ ವರ್ಷ ಪೂಜೆ ನಡೆದಿತ್ತು. ಓದಲು ಬರುವವಳು, ಮೂವತ್ತು ವರ್ಷ ಓದಿಸಿದವಳು, ಡಬ್ಬಿಯ ಮೇಲಿನ ಚಿತ್ರ ನೋಡಿ ತೃಪ್ತಳಾಗಿದ್ದೆ.

ಅವತ್ತೇ ಓಡಿಹೋಗಬೇಕಿತ್ತು. ಹೋಗಲಿಲ್ಲ. ನಾಳೆ, ಭಾನುವಾರ, ದಸರೆ ಕಳೆದ ಮೇಲೆ ಎನ್ನುತ್ತಾ ಡಿಸೆಂಬರ್ ತಂದೆ. ಹೇಡಿ ನಾನು. ಆದರೆ ಒಳಗೊಳಗೇ ಒಂದು ಆಸೆಯೂ ಹುಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಅವನಿಗೆ ನನ್ನ ಮೇಲಿರುವ ಸಿಟ್ಟು ಒಂದು ತಪ್ಪು ತಿಳಿವಳಿಕೆಯ ಮೇಲೆ ನಿಂತದ್ದು. ಅದನ್ನು ತೆಗೆದುಬಿಟ್ಟರೆ ತಮ್ಮ ಮರಳಿ ಸಿಗುತ್ತಾನೆ. ಬೈಯಲಿ, ಹೊಡೆಯಲಿ, ಆಮೇಲೆ ಊಟಕ್ಕೆ ಬರುತ್ತಾನೆ.

ಕಳೆದ ಕ್ರಿಸ್ಮಸ್ಸಿನ ಮಧ್ಯಾಹ್ನ ಭಾಂಡುಪಿನಿಂದ ದಾದರ್, ದಾದರಿನಿಂದ ಕಾಂದಿವಲಿ. ಲೋಕಲಿನಲ್ಲಿ ಟೊಪ್ಪಿ ಹಾಕಿದ ಮಕ್ಕಳು, ಕೈಯಲ್ಲಿ ಕೇಕಿನ ಡಬ್ಬಿ ಹಿಡಿದ ಹೆಂಗಸರು. ನಾನು ಕದಮ್ ಬಾಯಿಯಿಂದ ಕೇಳಿ ತಂದು ಪರ್ಸಿನೊಳಗೆ ಇಟ್ಟುಕೊಂಡಿದ್ದ ಚೀಟಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಜಯಕರನೇ ಬಾಗಿಲು ತೆಗೆದ. ಕೂರಿ ಎನ್ನಲಿಲ್ಲ, ಕೂರು ಎಂದ. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಶರೋನ್ ಸ್ನೇಹಿತರ ಮನೆಗೆ ಹೋಗಿದ್ದಳು. ಚೀಟಿ ತೆಗೆದು ಟೀಪಾಯಿಯ ಮೇಲಿಟ್ಟು ಎಲ್ಲ ಹೇಳಿದೆ. ಕಪಾಟು, ಪೆನ್ಸಿಲು, ವಾಸ್ತುಶಾಂತಿ, ಏನನ್ನೂ ಬಿಡಲಿಲ್ಲ. ಅವನು ಚೀಟಿಯ ಮೇಲಿನ ಕುಂಕುಮವನ್ನೇ ನೋಡುತ್ತಿದ್ದ.

"ನೀನು ಓದ್ಲೇ ಇಲ್ಲ?"

"ಇಲ್ಲ."

"ಮತ್ತೆ ಚೆನ್ನಾಗುಂಟು ಅಂದದ್ದು?"

"ಸುಳ್ಳು ಹೇಳಿದ್ದು. ತೆರೆಯದೆ ಹೇಳಿದ್ದು."

"ಅವಳು ಹೋದ ದಿನ ಎಲ್ಲರ ಎದುರು ಕೂಗಿದ್ದು... ನಾಟಕ ಅಂದುಕೊಂಡಿದ್ದೆ ನಾನು."

"ನನಗೆ ಏನೂ ಗೊತ್ತಿರ್ಲಿಲ್ಲ ಮಾರಾಯ."

ಅವನು ಚೀಟಿಯನ್ನು ಕೈಗೆತ್ತಿಕೊಂಡ. ಆಮೇಲೆ ಬಹಳ ಮೆಲ್ಲಗೆ ಕೇಳಿದ. "ಫೋನಿನಲ್ಲಿ ಬಾಯಿಬಿಟ್ಟು ಹೇಳಿದ್ರೆ ಬರ್ತಿದ್ಯಾ ಅಕ್ಕ?"

"ಅದೆಂತ ಕೇಳೋದು! ಅವತ್ತೇ ಬರ್ತಿದ್ದೆ. ಸಿಕ್ಕಿದ ಟ್ರೇನು ಹತ್ತಿ ಬರ್ತಿದ್ದೆ."

ಎಷ್ಟು ಉತ್ಸಾಹದಿಂದ ಹೇಳಿದೆ ಗೊತ್ತೇ! ಎದೆಯ ಭಾರ ಇಳಿದಂತಾಗಿ ಉಸಿರು ಬಿಟ್ಟೆ. ಆಮೇಲೆ ಅವನ ಮುಖ ನೋಡಿದೆ.

"ವಿಮಲ ದಿನಾ ಹೇಳ್ತಿದ್ಲು," ಎಂದ. "ಅಕ್ಕನಿಗೆ ಒಂದು ಫೋನ್ ಮಾಡಿ, ಅವರು ನೋಡಿರ್ಲಿಕ್ಕಿಲ್ಲ ಅಂತ. ನಾನು ಬೇಡ ಅಂದೆ. ಓದಿಯೂ ಬಾರದವಳನ್ನು ಎಂತಕ್ಕೆ ಕರೆಯುವುದು ಅಂದೆ. ಕೊನೆಗೆ ಅವಳೇ ಮಾಡ್ಲಿಕ್ಕೆ ಹೊರಟ್ಲು. ನಾನು ಅವಳ ಕೈಯಿಂದ ಫೋನ್ ತೆಗೆದಿಟ್ಟೆ."

 "ನಿನ್ನದು ತಪ್ಪಿಲ್ಲ, ಜಯ, ತಪ್ಪು ನನ್ನದು" ಎಂದೆ. ನಾಲ್ಕು ಸಲ ಎಂದಿರಬೇಕು. ಅವನು ತಲೆ ಅಲ್ಲಾಡಿಸುತ್ತಿದ್ದ, ಹೌದೆಂದೋ ಅಲ್ಲವೆಂದೋ ತಿಳಿಯುವಂತಿರಲಿಲ್ಲ. ಆಮೇಲೆ ಎದ್ದು ಚಹಾ ಮಾಡಿ ಕೊಟ್ಟ. ಸ್ಟೇಶನ್ನಿನವರೆಗೆ ಬಂದು ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ ನಿಲ್ಲಿಸಿ, "ಹುಷಾರು ಅಕ್ಕ" ಎಂದ. ಸಿಟ್ಟು ಹೋಗಿತ್ತು. ತಮ್ಮ ಸಿಕ್ಕಿದ ಎಂದುಕೊಂಡು, ದಾದರಿನವರೆಗೂ ಅಳುತ್ತಾ ಬಂದೆ.

ಆಮೇಲೆ ಭಾನುವಾರಗಳಲ್ಲಿ ಫೋನು ಮಾಡಿದರೆ ಅವನೇ ಎತ್ತುತ್ತಾನೆ. ಊಟ ಆಯಿತಾ ಎಂದರೆ ಆಯಿತು ಎನ್ನುತ್ತಾನೆ. ಬಾ ಎಂದರೆ ನೋಡುವ ಎನ್ನುತ್ತಾನೆ. ಹನ್ನೆರಡು ತಿಂಗಳಾದರೂ ಬರಲಿಲ್ಲ. ಸಂಕೋಚ ಇರಬೇಕು, ಈ ಕ್ರಿಸ್ಮಸ್ಸಿಗೆ ನಾನೇ ಅಲ್ಲಿಗೆ ಹೋಗಿ ಎರಡು ದಿನ ಇದ್ದು, ಕೈಯಾರೆ ಅಡುಗೆ ಮಾಡಿ ಬಡಿಸಬೇಕೆಂದು ಲೆಕ್ಕ ಹಾಕುತ್ತಾ, ಕಾಗದ ಹಿಡಿದು ಕುಳಿತಿದ್ದೆ ಎಂದೆನಲ್ಲ, ಆಗಲೇ ಶರೋನಳ ಫೋನು ಬಂದದ್ದು. ಕನ್ನಡದಲ್ಲಿ ಮಾತಾಡಲು ಅವಳು ಪ್ರಯತ್ನಪಡುತ್ತಾಳೆ, ನನ್ನ ಜೊತೆ ಮಾತ್ರ.

"ಅತ್ತೆ, ಒಂದು ಕೇಳ್ಲಾ? ಲಾಸ್ಟ್ ಕ್ರಿಸ್ಮಸ್ ನೀವು ಬಂದು ಪಪ್ಪನಿಗೆ ಕ್ಯಾ ಬೋಲಾ?"

"ಯಾಕೆ ಮಗಾ?"

"ಮಮ್ಮೀದು ಫೋಟೋ ತೆಗೆದು ಒಳಗೆ ಇಟ್ಟಿದ್ದಾರೆ. ನೋಡ್ಲಿಕ್ಕೆ ಆಗೋದಿಲ್ಲ ಅಂತಾರೆ. ಚರ್ಚ್ ಬಂದ್. ಊಟ ಸರಿ ಮಾಡೋದಿಲ್ಲ. ಜಬ್ ಸೆ ಆಪ್ ಆಯೇ, ತಬ್ ಸೆ, ನೀವು ಬಂದು ಹೋದಾಗಿಂದ. ಅದಕ್ಕೆ ಮುಂಚೆ ನಿಮ್ಮ ಮೇಲೆ ಗುಸ್ಸಾ ಇತ್ತು, ಬಟ್ ಠೀಕ್ ಥೇ ಅತ್ತೆ. ಸಿಟ್ಟು ಇತ್ತು, ಸರಿ ಇದ್ರು."

ನಾನು ತೊಡೆಯ ಮೇಲಿದ್ದ ಕಾಗದವನ್ನು ಮಡಿಸಿದೆ.

"ನಿಮಗೆ ಬೇಜಾರ್ ಮಾಡ್ಬೇಡಿ," ಎಂದಳು ಆ ಹುಡುಗಿ. ಅಳುತ್ತಿದ್ದಳು. "ಈ ವರ್ಷ ನೀವು ಬರ್ಬೇಡಿ. ಪ್ಲೀಸ್."

ಬರುವುದಿಲ್ಲ ಮಗಾ, ಎಂದೆ.